ಏಳು ದಿನದ ಔಷಧಿ

ಮೇಲೂರಿನಲ್ಲಿ ನನ್ನ ಅಕ್ಕನ ಮನೆ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕಡೆ ಅವಳು ಹದಿನೆಂಟು ವರ್ಷ ಕೆಲಸ ಮಾಡಿದ್ದಾಳೆ. ಕುದಿಯುವ ನೀರಿನಲ್ಲಿ ಗೂಡು ಬೇಯುತ್ತಿರುತ್ತದೆ. ಅದರ ಆವಿ, ನಾತ ಎಲ್ಲ ನೇರ ಮುಖಕ್ಕೆ. ಎರಡು ವರ್ಷದ ಹಿಂದೆ ಅವಳ ಕಣ್ಣು ಕೆಂಪಗಾಗಿ ಊದಿಕೊಂಡಿತು. ಕಣ್ಣಿನ ಡಾಕ್ಟರರು ನೋಡಿ ಒಂದು ಡ್ರಾಪ್ಸ್ ಬರೆದುಕೊಟ್ಟರು. ಸೋಂಕಿಗೆ ಆ್ಯಂಟಿಬಯಾಟಿಕ್, ಊತ ಇಳಿಸಲು ಸ್ಟೀರಾಯ್ಡ್, ಎರಡೂ ಸೇರಿದ್ದ ಔಷಧಿ. ದಿನಕ್ಕೆ ನಾಲ್ಕು ಸಲ, ಏಳು ದಿನ, ಆಮೇಲೆ ಬಂದು ತೋರಿಸಬೇಕು ಎಂದು ಚೀಟಿಯಲ್ಲಿತ್ತು.

ಮೂರೇ ದಿನಕ್ಕೆ ಕಣ್ಣು ತಿಳಿಯಾಯಿತು. ಗುಣವಾದ ಮೇಲೆ ಮತ್ತೆ ತೋರಿಸುವುದೇನು ಎಂದು ಅಕ್ಕ ಹೋಗಲಿಲ್ಲ. ಬಾಟಲಿ ಮಾತ್ರ ಅಡುಗೆಮನೆಯ ಗೂಡಿನಲ್ಲಿ ಉಳಿಯಿತು. ಕಣ್ಣು ಉರಿದಾಗಲೆಲ್ಲ ಎರಡು ತೊಟ್ಟು. ಆವಿಯ ಮುಂದೆ ಕೂರುವವಳಿಗೆ ಉರಿಯದ ದಿನ ಯಾವುದು? ಖಾಲಿಯಾದಾಗ, "ಏ, ಇದೊಂದು ತಂದ್ಕೊಡೇ" ಎಂದು ನನ್ನ ಕೈಗೆ ಕೊಡುತ್ತಿದ್ದಳು. ನಾನು ಶಿಡ್ಲಘಟ್ಟದ ಶಾಲೆಯಲ್ಲಿ ಟೀಚರು. ಬಸ್‌ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಸ್ಟೋರ್‌ನಲ್ಲಿ ಖಾಲಿ ಬಾಟಲಿ ತೋರಿಸಿದರೆ ಸಾಕು, ಅಂಗಡಿಯವನು ಇನ್ನೊಂದು ಇಡುತ್ತಿದ್ದ. ಚೀಟಿ ಎಲ್ಲಿ ಎಂದು ಅವನು ಕೇಳಲಿಲ್ಲ. ಇನ್ನೂ ಯಾಕೆ ಹಾಕುತ್ತಿದ್ದೀಯ ಎಂದು ನಾನು ಕೇಳಲಿಲ್ಲ. ಒಂದು ವರ್ಷಕ್ಕೂ ಮೇಲೆ ಹೀಗೇ ನಡೆಯಿತು. ಒಮ್ಮೆ ನನ್ನ ಕಣ್ಣು ತುರಿಸಿದಾಗ ಅದೇ ಬಾಟಲಿಯಿಂದ ನಾನೂ ಹಾಕಿಕೊಂಡೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಒಂದು ಬೆಳಿಗ್ಗೆ ರಸ್ತೆ ದಾಟುತ್ತಿದ್ದ ಅಕ್ಕನಿಗೆ ಎಡಗಡೆಯಿಂದ ಬಂದ ಬೈಕು ತಗುಲಿತು. ಮೊಣಕೈ ತರಚಿತ್ತು, ಅಷ್ಟೆ. ಬೈಕಿನವನು "ಕಣ್ ಕಾಣ್ಸಲ್ವಾ?" ಎಂದು ಕೂಗಾಡಿದ. ಅಕ್ಕ ಪಾಪ, ನಿಜವಾಗಿಯೂ ಆಶ್ಚರ್ಯದಿಂದ, "ಕಾಣ್ಸುತ್ತೆ ಕಣಪ್ಪ, ನೀನ್ ಎಲ್ಲಿಂದ ಬಂದೆ?" ಎಂದಳಂತೆ. ಆ ಮಾತು ಕೇಳಿ ನನಗೆ ಯಾಕೋ ದಿಗಿಲಾಯಿತು. ಮರುದಿನವೇ ಚಿಕ್ಕಬಳ್ಳಾಪುರದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿ ಕಣ್ಣಿನ ಒತ್ತಡ ನೋಡಿದರು. ಆಮೇಲೆ ಒಂದು ಮಿಷಿನ್ನಿನ ಮುಂದೆ ಕೂರಿಸಿ ಕೈಗೆ ಗುಂಡಿ ಕೊಟ್ಟರು. ಒಳಗೆ ಅಲ್ಲಲ್ಲಿ ಚುಕ್ಕಿ ಬೆಳಕು ಬರುತ್ತದೆ, ಕಂಡಾಗಲೆಲ್ಲ ಒತ್ತಬೇಕು. ಅಕ್ಕ ನಾಲ್ಕೈದು ಸಲ ಒತ್ತಿ, ಆಮೇಲೆ ಸುಮ್ಮನೆ ಕೂತಳು.

"ಒತ್ತಿ ಅಮ್ಮ," ಎಂದಳು ಪರೀಕ್ಷೆ ಮಾಡುವ ಹುಡುಗಿ.

"ಲೈಟೇ ಬರ್ತಿಲ್ವಲ್ಲಮ್ಮ, ಮಿಷಿನ್ ಏನಾದ್ರೂ ಕೆಟ್ಟೋಗಿದ್ಯಾ?"

ಮಿಷಿನ್ ಕೆಟ್ಟಿರಲಿಲ್ಲ.

ಡಾಕ್ಟರಮ್ಮ ನಮ್ಮ ಹಳೆಯ ಚೀಟಿಯನ್ನೂ ಬಾಟಲಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೇಳಿದರು: "ಏಳು ದಿನ ಅಂತ ಬರ್ದಿದೆ. ಎಷ್ಟು ದಿನ ಹಾಕಿದ್ರಿ?"

ಅಕ್ಕ ನನ್ನ ಮುಖ ನೋಡಿದಳು. "ಹೋದ ವರ್ಷದಿಂದ," ಎಂದೆ.

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಸ್ಟೀರಾಯ್ಡ್ ಇರುವ ಹನಿ ಹೀಗೆ ತಿಂಗಳುಗಟ್ಟಲೆ ಬಿದ್ದರೆ ಕೆಲವರಿಗೆ ಕಣ್ಣಿನೊಳಗೆ ಒತ್ತಡ ಏರುತ್ತದೆ, ನೋವಿರುವುದಿಲ್ಲ, ನರ ಸಾಯುತ್ತಾ ಹೋಗುತ್ತದೆ, ಪಕ್ಕದ ನೋಟ ಮೊದಲು ಹೋಗುತ್ತದೆ ಎಂದರು. "ಹೋಗಿರೋದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಣ." ಒತ್ತಡ ಇಳಿಸುವ ಬೇರೆ ಹನಿ ಬರೆದರು. ಕೈ ತೊಳೆದು ಹಾಕಬೇಕು, ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು, ಒಬ್ಬರದನ್ನು ಇನ್ನೊಬ್ಬರು ಹಾಕಿಕೊಳ್ಳಬಾರದು, ಬಾಟಲಿ ತೆರೆದ ತಾರೀಖು ಬರೆದಿಟ್ಟು ತಿಂಗಳಾದ ಮೇಲೆ ಎಸೆಯಬೇಕು ಎಂದು ನಿಧಾನವಾಗಿ ಹೇಳಿದರು. ಇಷ್ಟು ಹೇಳಲು ಅವರಿಗೆ ಐದು ನಿಮಿಷವೂ ಹಿಡಿಯಲಿಲ್ಲ.

ಬಸ್ಸಿಳಿದವಳೇ ಅಕ್ಕನನ್ನು ನೆರಳಲ್ಲಿ ಕೂರಿಸಿ ಮೆಡಿಕಲ್ ಸ್ಟೋರ್‌ಗೆ ನುಗ್ಗಿದೆ. ಬಾಟಲಿಯನ್ನು ಗಾಜಿನ ಮೇಲೆ ಕುಕ್ಕಿ, "ಚೀಟಿ ಇಲ್ದೆ ಇದನ್ನ ಹೆಂಗ್ರೀ ಕೊಟ್ರಿ?" ಎಂದೆ. ಅವನು ಕೈ ಮುಂದೆ ಮಾಡಿ, "ಮೇಡಂ, ನೀವು ಓದ್ದೋರು. ಡಾಕ್ಟ್ರು ಹೇಳಿರ್ತಾರೆ ಅಂದ್ಕೊಂಡೆ. ತಗೊಂಡ್ಹೋಗಿದ್ದು ನೀವೇ ತಾನೆ?" ಎಂದ.

ಬಾಟಲಿಯನ್ನು ಕೈಗೆತ್ತಿಕೊಂಡು ನೋಡಿದೆ. ಲೇಬಲ್ಲಿನ ಮೇಲೆ ಕೆಂಪು ಗೆರೆ ಇತ್ತು. ಡಾಕ್ಟರ ಚೀಟಿಯಿಲ್ಲದೆ ಮಾರಬಾರದು ಎಂದು ಇರುವೆಯಂಥ ಇಂಗ್ಲಿಷ್ ಅಕ್ಷರದಲ್ಲಿತ್ತು. ಅಕ್ಕನಿಗೆ ಅದು ಓದಲು ಬರುವುದಿಲ್ಲ. ನನಗೆ ಬರುತ್ತದೆ.

ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಖಾಲಿ ಬಾಟಲಿಯೊಂದನ್ನು ಚಾಚಿದಳು. ಅದೇ ಹನಿ. ನಾನಿನ್ನೂ ಎದುರಿಗೆ ನಿಂತಿದ್ದೇನೆ, ಅವನ ಕೈ ಆಗಲೇ ಕಪಾಟಿನ ಕಡೆ ಹೋಗಿತ್ತು! ನಾನು ಅವಳ ಬಾಟಲಿ ಕಿತ್ತುಕೊಂಡೆ. "ನಾ ಕಂಡ್ಲು, ನಾ ಇಷ್ಟಂ," ನನ್ನ ಕಣ್ಣು ನನ್ನಿಷ್ಟ ಎಂದು ತೆಲುಗಿನಲ್ಲಿ ನನ್ನ ಮೇಲೇ ಹರಿಹಾಯ್ದಳು. ನಾನು ಅವಳ ರಟ್ಟೆ ಹಿಡಿದು ಹೊರಗೆ ಎಳೆದು ಅಕ್ಕನ ಮುಂದೆ ನಿಲ್ಲಿಸಿದೆ. ತನ್ನ ಕಣ್ಣಿಗಾದದ್ದನ್ನು ಅಕ್ಕನೇ ಅವಳಿಗೆ ಹೇಳಿದಳು, ಕೂಗಾಡದೆ, ಅವಳದೇ ತೆಲುಗಿನಲ್ಲಿ. ಆ ಹೆಂಗಸು ನನ್ನ ಕೈಯಿಂದ ಬಾಟಲಿ ಈಸಿಕೊಂಡು ಹೋದಳು. ಬೇರೆ ಅಂಗಡಿಗೆ ಹೋದಳೋ ಡಾಕ್ಟರ ಹತ್ತಿರ ಹೋದಳೋ ಗೊತ್ತಿಲ್ಲ.

ನಾನು ಔಷಧ ನಿಯಂತ್ರಣ ಇಲಾಖೆಗೆ ದೂರು ಬರೆದೆ. ಯಾರೋ ಬಂದು ನೋಡಿಕೊಂಡು ಹೋದರಂತೆ. ಚೀಟಿ ಇಲ್ಲದೆ ಔಷಧಿ ಕೊಡುವುದಿಲ್ಲ ಎಂಬ ಬೋರ್ಡು ಅಂಗಡಿಗೆ ಬಂತು. ಅದರ ಕೆಳಗೇ ವ್ಯಾಪಾರ ಹಿಂದಿನಂತೆ ಸಾಗಿದೆ. ಆ ಕಡೆ ಹಾದುಹೋಗುವಾಗ ಈಗಲೂ ನಾನು ಹಲ್ಲು ಕಡಿಯುತ್ತೇನೆ.

ಅಕ್ಕ ಆವಿಯ ಮುಂದಿನ ಕೆಲಸ ಬಿಟ್ಟಳು. ಒತ್ತಡ ಹತೋಟಿಯಲ್ಲಿದೆ, ಉಳಿದ ನೋಟ ಉಳಿದಿದೆ. ರಸ್ತೆ ದಾಟುವಾಗ ಹಸುವಿನ ಹಾಗೆ ಇಡೀ ತಲೆ ತಿರುಗಿಸಿ ನೋಡುತ್ತಾಳೆ. ನನ್ನನ್ನು ಅವಳು ಒಂದು ದಿನವೂ ದೂರಲಿಲ್ಲ. ತಡೆಯಲಾರದೆ ನಾನೇ ಕೇಳಿದೆ, "ನನ್ ಮೇಲೆ ಸಿಟ್ಟು ಬರಲ್ವೇನಕ್ಕ?"

ಅವಳು ಸೊಪ್ಪು ಸೋಸುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ಸಿಟ್ಟು ಯಾಕೆ ಬರ್ಬೇಕೇ? ನೀನ್ ತಂದ್ಕೊಟ್ಟಿದ್ದು ಅಂತ್ಲೇ ಧೈರ್ಯವಾಗಿ ಹಾಕ್ಕೊಂಡೆ."