ಟ್ರೇಲರ್ ಎಳೆಯುವ ಕಾರಿನ ಮುಂದಿನ ಸೀಟು

ಆ ಎಕ್ಸೆಲ್ ಶೀಟನ್ನು ನನ್ನ ಗಂಡ ನನಗೆ ತೋರಿಸಿದ್ದು ಒಂದು ಶನಿವಾರ ಬೆಳಿಗ್ಗೆ, ನಾನು ದೋಸೆ ಹುಯ್ಯುತ್ತಿದ್ದಾಗ. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಹನ್ನೊಂದು ದಿನ. ಅಡಿಲೇಡಿನಲ್ಲಿ ದೊಡ್ಡದೊಂದು ಕಾರು ಬಾಡಿಗೆಗೆ ಹಿಡಿದು, ಅದರ ಹಿಂದೆ ಕ್ಯಾಂಪರ್ ಟ್ರೇಲರ್ ಕಟ್ಟಿಕೊಂಡು ಉತ್ತರದ ಕೆಂಪು ನೆಲದ ಕಡೆ ಹೋಗುವುದು. ನಿಂತ ಕಡೆ ಟ್ರೇಲರ್ ಬಿಚ್ಚಿ ಹರಡಿದರೆ ಅದೇ ಟೆಂಟು, ಅದೇ ಅಡುಗೆಮನೆ. ಎರಡು ಸಂಸಾರ, ಒಂದೇ ಕಾರು. ನಾವಿಬ್ಬರು, ನಮ್ಮ ಮಗಳು. ಜೊತೆಗೆ ಸಿಂಗಪುರದ ಪುಂಗೋಲ್‌ನಲ್ಲಿ ನಮ್ಮಿಂದ ಎರಡು ಬ್ಲಾಕ್ ಆಚೆ ಇರುವ ನನ್ನ ಗೆಳತಿ, ಅವಳ ಗಂಡ, ಅವಳ ಮಗ.

ನಾಲ್ವರೂ ತೆರೆದು ತಿದ್ದಬಹುದಾಗಿದ್ದ ಆ ಶೀಟಿನಲ್ಲಿ ದಿನಕ್ಕೊಂದು ಸಾಲು. ಯಾರು ಓಡಿಸುತ್ತಾರೆ, ಯಾರು ಪಕ್ಕದಲ್ಲಿ ಕೂತು ದಾರಿ ನೋಡುತ್ತಾರೆ, ಊಟ ಯಾರದು ಎಂದು ಮೂರು ಕಾಲಂ. ನನ್ನ ಗಂಡ ಓಡಿಸುವ ದಿನ ಪಕ್ಕದಲ್ಲಿ ಅವಳು. ಅವಳು ಓಡಿಸುವ ದಿನ ಪಕ್ಕದಲ್ಲಿ ನನ್ನ ಗಂಡ. ಅವಳ ಗಂಡ ಕಾರು ಹೊರಟ ಐದೇ ನಿಮಿಷಕ್ಕೆ ಗೊರಕೆ ಹೊಡೆಯುವ ಪುಣ್ಯಾತ್ಮ, ಅವನಿಗೆ ಕಾರಿನ ಮಧ್ಯದ ಸೀಟು. ನನ್ನ ಹೆಸರು ಊಟದ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನವರೆಗೆ ಹನ್ನೊಂದು ಸಲ ಇತ್ತು. ನಾನು ಕೂರುವುದು ಕಾರಿನ ಕೊನೆಯ ಸೀಟಿನಲ್ಲಿ, ಮಕ್ಕಳಿಗೆ ಚಕ್ಕುಲಿ ಹಂಚುತ್ತ. ದೋಸೆ ಸೀದುಹೋಯಿತು.

ಹೊಟ್ಟೆಕಿಚ್ಚಾಯಿತು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅವರಿಬ್ಬರ ನಡುವೆ ಬೇರೇನೋ ಇದೆ ಎಂದು ನಾನು ಒಂದು ಕ್ಷಣವೂ ಅಂದುಕೊಳ್ಳಲಿಲ್ಲ. ಹಾಗೆ ಅಂದುಕೊಂಡಿದ್ದರೆ ಜಗಳಕ್ಕಾದರೂ ಒಂದು ಕಾರಣ ಸಿಗುತ್ತಿತ್ತು. ಅವಳು ಮೊದಲು ನನ್ನ ಗೆಳತಿ. ಯುಗಾದಿಯ ದಿನ ನಮ್ಮ ಬ್ಲಾಕಿನ ನೆಲಮಹಡಿಯ ತೆರೆದ ಜಾಗದಲ್ಲಿ, ಇಲ್ಲಿಯವರು ಹೇಳುವ ವಾಯ್ಡ್ ಡೆಕ್ಕಿನಲ್ಲಿ, ಬೇವುಬೆಲ್ಲ ಹಂಚುವಾಗ ಸಿಕ್ಕವಳನ್ನು ಮನೆಗೆ ಕರೆದು ಕಾಫಿ ಕೊಟ್ಟವಳೇ ನಾನು. ಆಮೇಲೆ ನೋಡಿದರೆ ಅವಳಿಗೂ ನನ್ನ ಗಂಡನಿಗೂ ಚಾಂಗಿ ಬಿಸಿನೆಸ್ ಪಾರ್ಕಿನ ಒಂದೇ ಕಟ್ಟಡದಲ್ಲಿ ಕೆಲಸ. ಇಡೀ ಪ್ರವಾಸದ ಪ್ಲಾನು ತಯಾರಾದದ್ದು ಅವರ ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ನಾನು ಆ ಹೊತ್ತಿಗೆ ಕಲ್ಲಾಂಗಿನ ಸಣ್ಣ ಆಫೀಸೊಂದರಲ್ಲಿ ಒಬ್ಬಳೇ ಕೂತು ಮೊಸರನ್ನ ತಿನ್ನುತ್ತಿರುತ್ತೇನೆ.

ಅವಳು ಮೊದಲು ಪರ್ತ್‌ನಲ್ಲಿ ಮೂರು ವರ್ಷ ಇದ್ದವಳು. ಯಾರದೋ ದೋಣಿಯನ್ನು ಟ್ರೇಲರಿನಲ್ಲಿಟ್ಟು ಕಾರಿಗೆ ಕಟ್ಟಿ ಎಳೆದ ಅನುಭವವೂ ಇತ್ತು. ನಾನೂ ಮೈಸೂರಿನಲ್ಲಿ ಕಾರು ಕಲಿತವಳೇ. ಆದರೆ ಇಲ್ಲಿಗೆ ಬಂದ ಮೊದಲ ವರ್ಷದಲ್ಲೇ ನಮ್ಮ ಲೈಸೆನ್ಸನ್ನು ಇಲ್ಲಿಯದಕ್ಕೆ ಬದಲಾಯಿಸಿಕೊಳ್ಳಬೇಕಿತ್ತು. ನನ್ನ ಗಂಡ ಬದಲಾಯಿಸಿಕೊಂಡರು. ಮನೆ ಮುಂದೆ ರೈಲಿರುವಾಗ ಲೈಸೆನ್ಸ್ ಇಟ್ಟುಕೊಂಡು ಪೂಜೆ ಮಾಡುವುದೇ ಎಂದು ನಾನು ಸುಮ್ಮನಿದ್ದೆ. ಊರಿನ ಲೈಸೆನ್ಸೂ ಈಗ ಮುಗಿದುಹೋಗಿದೆ. ಕೈಲಾಗದವರು ಮೈ ಪರಚಿಕೊಂಡರು ಅನ್ನುತ್ತಾರಲ್ಲ, ಹೊರಡುವ ಮುಂಚಿನ ಆ ಎರಡು ತಿಂಗಳು ನಾನು ಮಾಡಿದ್ದು ಅದನ್ನೇ.

ಪರಚಿಕೊಳ್ಳಲು ನನಗಿದ್ದ ಜಾಗ ಊಟದ ಕಾಲಮ್ಮು ಮಾತ್ರ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಕರಿಬೇವು ಎಂದು ತುಂಬಿಸಿದೆ. ಮರುದಿನ ನೋಡಿದರೆ ಕರಿಬೇವು ಮಾಯ. ಹಸಿ ಸೊಪ್ಪನ್ನು ಆಸ್ಟ್ರೇಲಿಯಾದ ಏರ್‌ಪೋರ್ಟಿನಲ್ಲಿ ಒಳಗೆ ಬಿಡುವುದಿಲ್ಲ ಎಂದು ಅವಳ ಟಿಪ್ಪಣಿ. ಅವಳು ಹೇಳಿದ್ದು ಸರಿಯೇ. ಆದರೂ ಮುಂದಿನ ಸೀಟು ಸಾಲದೆ ನನ್ನ ಒಗ್ಗರಣೆಗೂ ಕೈ ಹಾಕಿದಳಲ್ಲ ಎಂದು ಮೈಯೆಲ್ಲ ಉರಿದುಹೋಯಿತು. ಕರಿಬೇವನ್ನು ಮತ್ತೆರಡು ಸಲ ಬರೆದೆ. ಅವಳು ಎರಡು ಸಲವೂ ಅಳಿಸಿದಳು.

ಒಂದು ಭಾನುವಾರ ಅವಳು ಮನೆಗೆ ಬಂದು, ಟ್ರೇಲರ್ ಕಟ್ಟಿದ ಕಾರನ್ನು ರಿವರ್ಸ್ ತೆಗೆಯುವುದು ಹೇಗೆಂದು ನನ್ನ ಡೈನಿಂಗ್ ಟೇಬಲ್ಲಿನ ಮೇಲೇ ಪಾಠ ಮಾಡಿದಳು. ಮಗನ ಆಟದ ಜೀಪಿಗೆ ಒಂದು ಬೆಂಕಿಪೊಟ್ಟಣವನ್ನು ಕಡ್ಡಿಯಿಂದ ಸಿಕ್ಕಿಸಿದ್ದಳು. ಟ್ರೇಲರ್ ಎಡಕ್ಕೆ ಹೋಗಬೇಕೆಂದರೆ ಸ್ಟಿಯರಿಂಗ್ ಬಲಕ್ಕೆ ತಿರುಗಿಸಬೇಕಂತೆ. ನನ್ನ ಗಂಡ ಹತ್ತು ಸಲ ತಪ್ಪು ಮಾಡಿದರು. ಪ್ರತಿ ಸಲವೂ ಅವಳು ಜೀಪನ್ನು ತಿರುಗಿ ಮೊದಲಿನ ಜಾಗದಲ್ಲಿಟ್ಟು, ಇನ್ನೊಂದ್ಸಲ ಅನ್ನುತ್ತಿದ್ದಳು, ಅಷ್ಟೇ. ಹನ್ನೊಂದನೆಯ ಸಲ ಬೆಂಕಿಪೊಟ್ಟಣ ಸಕ್ಕರೆ ಡಬ್ಬಿ ಮತ್ತು ಉಪ್ಪಿನಕಾಯಿ ಜಾಡಿಯ ನಡುವೆ ನೆಟ್ಟಗೆ ಹೋಗಿ ನಿಂತಿತು. ನನ್ನ ಗಂಡ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನ ಹಾಗೆ ಅವಳ ಮುಖ ನೋಡಿದರು. ಕಾಫಿ ಲೋಟ ಹಿಡಿದು ನಿಂತಿದ್ದ ನನ್ನನ್ನು ಅವರು ನೋಡಲಿಲ್ಲ. ನನ್ನ ಹತ್ತು ವರ್ಷದ ಮಗಳು ಬೇರೆ, ಆಂಟಿ ಸೋ ಗುಡ್ ಲಾ ಎಂದು ಗಾಯಕ್ಕೆ ಉಪ್ಪು ಸವರಿದಳು.

ಇನ್ನು ತಡೆಯಲು ಆಗಲಿಲ್ಲ. ಮಾರನೆಯ ಸಂಜೆ ಕಾಲುವೆ ಪಕ್ಕದಲ್ಲಿ ನಾನೂ ಅವಳೂ ವಾಕಿಂಗ್ ಹೋದಾಗ ಕೇಳಿಯೇಬಿಟ್ಟೆ. ನನ್ನ ಗಂಡ ಓಡಿಸುವಾಗ ಮುಂದಿನ ಸೀಟಿನಲ್ಲಿ ನಾನು ಕೂರಬೇಕು ಎಂದೆ. ದನಿ ನಾನು ಅಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿತ್ತು. ಅವಳು ವಾದ ಮಾಡುತ್ತಾಳೆ ಎಂದು ಉತ್ತರಗಳನ್ನೆಲ್ಲ ಜೋಡಿಸಿಕೊಂಡು ಹೋಗಿದ್ದೆ. ಅವಳು ವಾದವನ್ನೇ ಮಾಡಲಿಲ್ಲ.

"ಕೂತ್ಕೋ ಕಣೇ, ನಂದೇನು ಹೋಗ್ಬೇಕು," ಅಂದಳು. "ನಿಮ್ಮನೆಯವ್ರೇ ಕೇಳಿದ್ರು ಅಂತ ಹಾಗೆ ಹಾಕಿದ್ದೆ. ಹಿಂದೆ ಅಷ್ಟು ಭಾರ ಕಟ್ಕೊಂಡು, ಮಗಳನ್ನ ಕೂರಿಸ್ಕೊಂಡು ಓಡ್ಸೋದು ಅಂದ್ರೆ ಅವ್ರಿಗೆ ತುಂಬಾ ಭಯ ಆಗ್ತಿದೆಯಂತೆ. ನಿದ್ದೇನೇ ಬರ್ತಿಲ್ಲ ಅಂದ್ರು. ನಿಂಗೆ ಗೊತ್ತಿರತ್ತಲ್ಲ."

"ಗೊತ್ತು," ಅಂದೆ.

ಗೊತ್ತಿರಲಿಲ್ಲ. ಅದೇ ಮಂಚದ ಮೇಲೆ ಮಲಗುವವಳು ನಾನು. ಅವರಿಗೆ ನಿದ್ದೆ ಬರುತ್ತಿಲ್ಲವೆಂದು ಎರಡು ಬ್ಲಾಕ್ ಆಚೆಯವಳಿಗೆ ಗೊತ್ತು. ಅಲ್ಲಿಯವರೆಗೆ ನನಗಾಗಿದ್ದು ಹೊಟ್ಟೆಕಿಚ್ಚೇ ಅಲ್ಲ, ಬರೀ ಹೊಗೆ. ಬೆಂಕಿ ಹತ್ತಿಕೊಂಡದ್ದು ಆಗ. ಸೀಟನ್ನು ಅವಳು ಒಂದೇ ಮಾತಿಗೆ ಬಿಟ್ಟುಕೊಟ್ಟಳು, ಅವರ ಈ ಗುಟ್ಟನ್ನು ಬಿಟ್ಟುಕೊಡು ಎಂದು ಹೇಗೆ ಕೇಳುವುದು?

ಮನೆಗೆ ನಡೆಯುತ್ತ, ನನಗೇಕೆ ಹೇಳಲಿಲ್ಲ ಎಂದು ಗಂಡನ ಮೇಲೆ ಕೆಂಡ ಕಾರುತ್ತಿದ್ದೆ. ಉತ್ತರ ಸಿಕ್ಕಿದ್ದು ಲಿಫ್ಟಿಗೆ ಕಾಯುವಾಗ. ಹೋದ ವರ್ಷ ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆಂದು ಒಂದು ದಿನದ ಮಟ್ಟಿಗೆ ಕಾರು ಬಾಡಿಗೆಗೆ ತಂದಿದ್ದರು. ಬಹುಮಹಡಿ ಪಾರ್ಕಿಂಗಿನಲ್ಲಿ ಅದನ್ನು ಎರಡು ಕಂಬಗಳ ನಡುವೆ ಸೇರಿಸಲು ಒದ್ದಾಡುತ್ತಿದ್ದರು, ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ನಾನು ಇಳಿದು, ನಗುನಗುತ್ತ ಅದನ್ನೆಲ್ಲ ವೀಡಿಯೊ ಮಾಡಿ, ನಮ್ಮ ಡ್ರೈವರ್ ಸಾಹೇಬರು ಎಂದು ಬರೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೆ. ಮೈಸೂರಿನಿಂದ ನಮ್ಮ ಚಿಕ್ಕಪ್ಪ, ಬೆಂಗಳೂರಿನಿಂದ ನನ್ನ ನಾದಿನಿ, ಎಲ್ಲರೂ ಬಿದ್ದುಬಿದ್ದು ನಕ್ಕರು. ಗಂಡನನ್ನು ನಾಲ್ಕು ಜನರ ಮುಂದೆ ರೇಗಿಸುವುದು ನಮ್ಮ ಮನೆಗಳಲ್ಲಿ ಪ್ರೀತಿಯ ಲೆಕ್ಕ. ನನ್ನ ಅಮ್ಮ ನಮ್ಮಪ್ಪನನ್ನು ರೇಗಿಸಿದ್ದಕ್ಕಿಂತ ನಾನು ಹೆಚ್ಚೇನೂ ಮಾಡಿರಲಿಲ್ಲ. ಅವರೂ ಆ ದಿನ ಎಲ್ಲರ ಜೊತೆ ನಕ್ಕಿದ್ದರು. ಆಮೇಲೆ ಕಾರು ಬಾಡಿಗೆಗೆ ತಂದಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆ ಲಿಫ್ಟಿನ ಮುಂದೆಯೇ.

ಮನೆಗೆ ಹೋದಾಗ ಅವರು ಸೋಫಾದಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದರು. ಗೆಳತಿ ಆಗಲೇ ಶೀಟು ತಿದ್ದಿದ್ದಳು. ಅವರು ಓಡಿಸುವ ದಿನಗಳಲ್ಲೆಲ್ಲ ಪಕ್ಕದ ಸೀಟಿನಲ್ಲಿ ನನ್ನ ಹೆಸರು. ಮಗಳು ಸ್ನಾನಕ್ಕೆ ಹೋಗಿದ್ದಳು. ನಾನು ಪಕ್ಕದಲ್ಲಿ ಕೂತು, ನನಗೆ ಬರುವಷ್ಟು ಮೆತ್ತಗೆ ಕೇಳಿದೆ.

"ರೀ, ಟ್ರೇಲರ್ ಕಟ್ಕೊಂಡು ಓಡ್ಸೋಕೆ ನಿಮಗೆ ಭಯ ಆಗ್ತಿದೆಯಾ?"

ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಕಣ್ಣನ್ನಲ್ಲ, ಬಾಯಿಯನ್ನು. ಅಲ್ಲಿ ನಗು ಶುರುವಾಗುತ್ತದೆಯೇ ಎಂದು ಕಾಯುತ್ತಿದ್ದರು. ನಾನು ತುಟಿ ಬಿಗಿಹಿಡಿದು ಕೂತೆ. ಆಣೆ ಇಟ್ಟು ಹೇಳುತ್ತೇನೆ, ನಗು ನನ್ನ ಹತ್ತಿರಕ್ಕೂ ಬಂದಿರಲಿಲ್ಲ.

"ಭಯಾನಾ? ನಂಗಾ?" ಎಂದು, ನಾನು ನಗುವ ಮೊದಲೇ ತಾವೇ ನಕ್ಕುಬಿಟ್ಟರು. "ಏನಿಲ್ಲ ಬಿಡೇ."

ಆಮೇಲೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, ನೋಡು, ನಿನಗೆ ಬೇಕಾದ ಸೀಟು ಸಿಕ್ಕಿತಲ್ಲ, ಈಗ ಸಮಾಧಾನವೇ ಎಂದು ಕೇಳಿದರು. ಸಮಾಧಾನ ಎಂದೆ. ಸೀಟು ನನಗೆ ಸಿಕ್ಕಿತ್ತು. ಅವರ ಭಯ ಇನ್ನೂ ಅವಳ ಹತ್ತಿರವೇ ಇತ್ತು.