ಅಂಕೋಲೆ ಮರದ ನಂಬರು

ನಾನಾಗ ಫಾರೆಸ್ಟ್ ಗಾರ್ಡು. ಅರಕಲಗೂಡಿನ ಕಡೆ ಹೊಸ ರಸ್ತೆಗೆ ಅಡ್ಡ ಬರುವ ಮರಗಳಿಗೆ ಡಾಂಬರಿನಲ್ಲಿ ನಂಬರು ಬರೆಯುವ ಘನಕಾರ್ಯ ನನ್ನ ಪಾಲಿಗೆ ಬಂದಿತ್ತು. ನಂಬರಿಲ್ಲದ ಮರಕ್ಕೆ ಕೊಡಲಿ ಹಾಕುವಂತಿಲ್ಲ, ಅದು ಕಾನೂನು. ಒಂದು ಊರ ಮುಂದಿನ ಅಂಕೋಲೆ ಮರಕ್ಕೆ ಹದಿನೇಳು ಎಂದು ಬರೆದು ಬಂದೆ. ವಾರ ಬಿಟ್ಟು ಹೋದರೆ ಮರ ಇದೆ, ನಂಬರು ಬರೆದಿದ್ದ ತೊಗಟೆ ಮಾತ್ರ ಇಲ್ಲ.

“ನಾಯಿ ಕಚ್ಬುಡ್ತು ಸಾ. ನಾಯಿ ನಂಜಿಗೆ ಅಂಕೋಲೆ ಚಕ್ಕೆನೇ ಮದ್ದು, ಅರೆದು ಕುಡಿಸಿದ್ವಿ” ಎಂದರು ಪಟೇಲ ಪುಟ್ಟೇಗೌಡರು.

“ಇಷ್ಟು ದೊಡ್ಡ ಮರದಲ್ಲಿ ನನ್ನ ನಂಬರೇ ಬೇಕಿತ್ತಾ ಗೌಡ್ರೇ?”

“ಸರ್ಕಾರದ ಕೈ ಬಿದ್ದಿರೋ ಚಕ್ಕೆಗೆ ಗುಣ ಜಾಸ್ತಿ ಕಣ್ ಸಾ.”

ಸರ್ಕಾರದ ಮೇಲೆ ಇಷ್ಟು ಭಕ್ತಿ ನಾನು ನಮ್ಮ ಕಚೇರಿಯಲ್ಲೂ ಕಂಡಿರಲಿಲ್ಲ. ಮತ್ತೆ ಬರೆದೆ, ಮತ್ತೆ ನಾಯಿ ಕಚ್ಚಿತು. ಮೂರನೇ ಸಲ ಡಾಂಬರಿನ ಡಬ್ಬಿ ಹಿಡಿದು ಊರೊಳಗೆಲ್ಲ ಸುತ್ತಿದಾಗ ತಿಳಿಯಿತು. ನನ್ನನ್ನು ಕಂಡು ಬೊಗಳುವುದಕ್ಕೆ ಆ ಊರಲ್ಲಿ ಒಂದೇ ಒಂದು ನಾಯಿ ಇರಲಿಲ್ಲ.

ಆದರೂ ಸಾಹೇಬರಿಗೆ ‘ನಾಯಿಗಳ ಹಾವಳಿಯಿಂದ ನಂಬರು ನಿಲ್ಲುತ್ತಿಲ್ಲ’ ಎಂದು ವರದಿ ಬರೆದೆ. ರಸ್ತೆ ಮರವನ್ನು ಬಿಟ್ಟು ಪಕ್ಕದಿಂದ ಬಳಸಿಕೊಂಡು ಹೋಯಿತು. ನಾಯಿ ಹಿಡಿಯಲೆಂದು ಕಚೇರಿಯವರು ಒಬ್ಬನನ್ನು ಕಳಿಸಿದರು. ಅವನು ಅದೇ ಅಂಕೋಲೆ ನೆರಳಲ್ಲಿ ಸಂಜೆವರೆಗೆ ಮಲಗಿದ್ದು, ‘ಹಾವಳಿ ಪೂರ್ತಿ ಅಡಗಿದೆ’ ಎಂದು ಬರೆದುಕೊಟ್ಟ. ಅವನಿಗೆ ಬಡ್ತಿ ಸಿಕ್ಕಿತು.