ಕಾಲು ದೊಡ್ಡದೋ, ಅರೆಕಾಲು ದೊಡ್ಡದೋ?

ನಾನು ಅಕ್ಕನ ಸೊಂಟಕ್ಕೆ ಬರುವಷ್ಟು ಚಿಕ್ಕವಳಿದ್ದಾಗ, ಮಕ್ಕಳೇ, ಕಂಪ್ಲಿಯ ಹೊರಗೆ ಕಬ್ಬಿನ ಗದ್ದೆಗಳ ನಡುವೆ ಒಂದು ಬೆಲ್ಲದ ಗಾಣವಿತ್ತು. ಅಪ್ಪ ಅಲ್ಲಿ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ಹಾಕುತ್ತಿದ್ದ. ಕಬ್ಬಿನ ಹಾಲು ಕುದಿಯುವ ವಾಸನೆ ಕಾಲುವೆಯ ಆಚೆಗೂ ಬರುತ್ತಿತ್ತು. ಆ ವಾಸನೆಗೇ ನಾಲಿಗೆ ಸಿಹಿಯಾಗುತ್ತಿತ್ತು, ಸುಳ್ಳಲ್ಲ!

ಜ್ವರದಲ್ಲಿ ಮಲಗಿ ಊಟವನ್ನೇ ಬಿಟ್ಟಿದ್ದ ಅಕ್ಕ ಒಂದು ದಿನ ಎದ್ದು ಕುಳಿತು, "ಗೋಧಿ ಹುಗ್ಗಿ ಉಣ್ಣಬೇಕನಸ್ತದ" ಎಂದಳು. ಅವ್ವನ ಮುಖ ಅರಳಿತು. ಆದರೆ ಮನೆಯಲ್ಲಿ ಬೆಲ್ಲವಿರಲಿಲ್ಲ. ನಾನು ಗಾಣಕ್ಕೆ ಓಡಿದೆ.

ಗಾಣದ ಯಜಮಾನನನ್ನು ನಾವೆಲ್ಲ ತಾತ ಎನ್ನುತ್ತಿದ್ದೆವು. ಕಾಡಿಸದೆ ಏನನ್ನೂ ಕೊಡುವವನಲ್ಲ. ರೊಟ್ಟಿಯಂತೆ ದುಂಡಗಿದ್ದ, ಇನ್ನೂ ಬೆಚ್ಚಗಿದ್ದ ಬೆಲ್ಲದ ಅಚ್ಚು ಎತ್ತಿಕೊಂಡು, "ಏನವ್ವಾ, ಇದರಾಗ ಕಾಲು ಬೇಕೋ, ಅರೆಕಾಲು ಬೇಕೋ?" ಎಂದ.

ಅರೆಯೂ ಇದೆ, ಕಾಲೂ ಇದೆ, ಅಂದಮೇಲೆ ಅದೇ ದೊಡ್ಡದು ಅಂದುಕೊಂಡೆ. "ಅರೆಕಾಲು!" ಎಂದು ಕೂಗಿದೆ. ಗಾಣದವರೆಲ್ಲ ಹೋ ಎಂದು ನಕ್ಕರು. ತಾತ ಅಚ್ಚನ್ನು ಎರಡು ಮಾಡಿದ. ಅರ್ಧವನ್ನು ಮತ್ತೆ ಎರಡು ಮಾಡಿ, ಅದರಲ್ಲೊಂದು ಕಾಲನ್ನು ಸೀಳಿ, ಒಂದು ಚೂರನ್ನು ನನ್ನ ಅಂಗೈಗೆ ಹಾಕಿದ. "ಕಾಲಿನಾಗ ಅರ್ಧ. ಇದಽ ನೋಡವ್ವಾ ಅರೆಕಾಲು."

ಇಷ್ಟರಲ್ಲಿ ಹುಗ್ಗಿ ಸಿಹಿಯಾದೀತೇ? ಅಕ್ಕ ಮತ್ತೆ ಮುಖ ತಿರುಗಿಸಿ ಮಲಗಿಬಿಟ್ಟರೆ? ನನಗೆ ಅಳುವೇ ಬಂತು.

"ಅಳಬ್ಯಾಡ, ಇನ್ನೊಮ್ಮೆ ಕೇಳ್ತೀನಿ. ಒಂದು ಕಾಲು ಬೇಕೋ, ಮೂರು ಅರೆಕಾಲು ಬೇಕೋ?"

"ಕಾಲು ಅನ್ನು, ಹುಚ್ಚಿ!" ಎಂದು ಯಾರೋ ಕೂಗಿದರು.

"ಬಾಯಿ ಮುಚ್ರಲೇ, ಆಕಿನಽ ನೋಡ್ಲಿ" ಎಂದ ಅಪ್ಪ, ಒಲೆಯ ಬಳಿಯಿಂದಲೇ.

ಉಳಿದಿದ್ದ ಕಾಲಿನ ಮೇಲೆ ನನ್ನ ಕೈಯ ಚೂರನ್ನೂ ಅದರ ಜೊತೆಯದನ್ನೂ ಜೋಡಿಸಿಟ್ಟೆ. ಸರಿಯಾಗಿ ಕೂತವು! ಕಾಲು ಅಂದರೆ ಎರಡೇ ಚೂರು. ತಾತ ಕೊಡುತ್ತೇನೆ ಅಂದಿದ್ದು ಮೂರು!

"ಮೂರು ಅರೆಕಾಲು ಕೊಡ್ರಿ, ತಾತಾ!"

"ಎಲಾ ಇಕಿನ! ಭಾಳ ಶಾಣ್ಯಾಕಿ ಆದ್ಲಲ್ಲೋ!" ಎನ್ನುತ್ತ ತಾತ ಉಳಿದ ಕಾಲನ್ನೂ ಸೀಳಿ ಮೂರು ಚೂರು ಕೊಟ್ಟ.

ಮನೆಯಲ್ಲಿ ಅಕ್ಕ ಹುಗ್ಗಿಯ ಬಟ್ಟಲು ಬರಿದು ಮಾಡಿ, "ಇನ್ನೊಂದೀಟು ಹಾಕವ್ವಾ" ಎಂದಳು.

ಅಕ್ಷರವನ್ನು ನಾನು ಹೇಗೋ ಕಲಿತೆ, ಬರೆಯುವ ಲೆಕ್ಕ ಕಲಿಯಲಿಲ್ಲ. ಮೊನ್ನೆ ಹೊಸಪೇಟೆಯ ಮನೆಯಲ್ಲಿ ಮೊಮ್ಮಗಳು, ಐದು ದೊಡ್ಡ ಅಂಕಿಯಲ್ಲವೇ ಎಂದು, ಮೂರರಲ್ಲೊಂದಕ್ಕಿಂತ ಐದರಲ್ಲೊಂದು ಹೆಚ್ಚು ಎಂದು ಬರೆದಳು. ನಮ್ಮ ಕಾಲದಲ್ಲಿ ಉದ್ದ ಹೆಸರು ಮೋಸ ಮಾಡುತ್ತಿತ್ತು, ಇವರ ಕಾಲದಲ್ಲಿ ದೊಡ್ಡ ಅಂಕಿ! ನಾನು ಬಾಯಿ ತೆರೆಯುವ ಮೊದಲೇ ಅವಳು ಅಳಿಸಿ, "ತಡಿ ಅಜ್ಜಿ, ಎರಡನ್ನೂ ಹದಿನೈದರ ಪಾಲಿನಾಗ ಬರಿತೀನಿ. ಮೂರರಲ್ಲೊಂದಕ್ಕ ಐದು, ಐದರಲ್ಲೊಂದಕ್ಕ ಮೂರಽ" ಎಂದಳು. ಆಮೇಲೆ ಪೆನ್ಸಿಲನ್ನು ನನ್ನ ಕೈಗಿಟ್ಟು, "ನೀನೂ ಬರಿ" ಎಂದಳು.

ಬರೆದೆ, ಮಕ್ಕಳೇ! ಹದಿನೈದು ಸ್ವಲ್ಪ ಸೊಟ್ಟಗಾಗಿದೆ, ಆಗಲಿ.